ಮಗು ತರಲು ಚೀನಾಕ್ಕೆ ಹೋದವರು

ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ ಪರ್ಲ್ ನದಿಯ ದಂಡೆಗೆ ಅಂಟಿಕೊಂಡಂತೆ ಶಾಮಿಯಾನ್ ಎಂಬ ಸಣ್ಣ ದ್ವೀಪವಿದೆ. ಹಿಂದೆ ಬ್ರಿಟಿಷರೂ ಫ್ರೆಂಚರೂ ವ್ಯಾಪಾರಕ್ಕೆಂದು ಬೀಡುಬಿಟ್ಟಿದ್ದ ಜಾಗ. ದೊಡ್ಡ ದೊಡ್ಡ ಆಲದ ಮರಗಳು, ಕಂಬಸಾಲಿನ ಹಳೆಯ ಕಟ್ಟಡಗಳು. 1983ರಲ್ಲಿ ಅಲ್ಲಿ ‘ವೈಟ್ ಸ್ವಾನ್’ ಎಂಬ ಪಂಚತಾರಾ ಹೋಟೆಲು ತೆರೆಯಿತು. 1990ರ ದಶಕದ ನಡುವಿನಿಂದ ಮುಂದಿನ ಹದಿನೈದು ವರ್ಷ, ಬೆಳಗಿನ ತಿಂಡಿ ಹೊತ್ತಿಗೆ ಅಲ್ಲಿಗೆ ಹೋದವರಿಗೆ ಬೇರೆಲ್ಲೂ ಕಾಣಸಿಗದ ನೋಟವೊಂದು ಕಾಣುತ್ತಿತ್ತು. ಮೇಜು ಮೇಜಿಗೂ ನಡುವಯಸ್ಸಿನ ಅಮೆರಿಕನ್ ದಂಪತಿ, ಅವರ ಮಡಿಲಲ್ಲಿ ಒಂದೊಂದು ಚೀನೀ ಹೆಣ್ಣುಕೂಸು. ಗಂಜಿಯ ಬಟ್ಟಲು ಎದುರಿಗಿಟ್ಟುಕೊಂಡು ಚಮಚ ಹಿಡಿದು ಪರದಾಡುವ ಅಪ್ಪಂದಿರು.

ಹೋಟೆಲಿನ ಅತಿಥಿಗಳಾದ ದತ್ತು ಕುಟುಂಬಗಳಿಗೆಂದೇ ಮ್ಯಾಟೆಲ್ ಕಂಪನಿ ಬೇರೆಯದೇ ಬಾರ್ಬಿ ಬೊಂಬೆ ಮಾಡಿಕೊಟ್ಟಿತ್ತು: ಹೊಂಗೂದಲಿನ ಬಾರ್ಬಿಯ ತೋಳಲ್ಲಿ ಪುಟ್ಟ ಚೀನೀ ಮಗು. ಹೋಟೆಲಿನ ಕೆಂಪು ಸೋಫಾದ ಮೇಲೆ ಆ ವಾರ ಬಂದ ಕೂಸುಗಳನ್ನೆಲ್ಲ ಸಾಲಾಗಿ ಕೂರಿಸಿ ಫೋಟೊ ತೆಗೆಯುವುದು ಒಂದು ಶಾಸ್ತ್ರವೇ ಆಗಿಹೋಗಿತ್ತು. ಒಂದು ಕೂಸು ಅಳಲು ಶುರುಮಾಡಿದರೆ ಸಾಲಿಗೆ ಸಾಲೇ ಅಳುತ್ತಿತ್ತು. ಹೊರಗಿನ ಅಂಗಡಿಯವರು ಮಗುವಿನ ತಳ್ಳುಗಾಡಿಯನ್ನು ಬಾಡಿಗೆಯಿಲ್ಲದೆ ಕೊಟ್ಟು, ರೇಷ್ಮೆ ಅಂಗಿ, ಕಾಲಿಟ್ಟರೆ ಕೀಕ್ ಎನ್ನುವ ಪುಟಾಣಿ ಬೂಟು ಮಾರುತ್ತಿದ್ದರು. ಕೂಸನ್ನು ಕೊಕ್ಕರೆ ಹೊತ್ತು ತರುತ್ತದೆಂಬುದು ಪಾಶ್ಚಾತ್ಯರ ಕಥೆಯಾದ್ದರಿಂದ ಬಿಳಿ ಹಂಸದ ಹೋಟೆಲಿಗೆ ‘ಬಿಳಿ ಕೊಕ್ಕರೆ’ ಎಂಬ ಅಡ್ಡಹೆಸರು ಬಿದ್ದಿತ್ತು. ಎಲ್ಲರೂ ಇಲ್ಲಿಗೇ ಬರಲು ಕಾರಣ ಸರಳ. ಚೀನಾದ ಯಾವ ಮೂಲೆಯಿಂದ ದತ್ತು ಪಡೆದರೂ ಅಮೆರಿಕದ ವೀಸಾ ಸಿಗುತ್ತಿದ್ದುದು ಗುವಾಂಗ್‌ಝೌ ಕಾನ್ಸುಲೇಟಿನಲ್ಲಿ ಮಾತ್ರ. ಆ ಕಾನ್ಸುಲೇಟು ಬಹುಕಾಲ ಈ ಹೋಟೆಲಿನ ಪಕ್ಕದಲ್ಲೇ ಇತ್ತು.

1992ರಿಂದ 2024ರವರೆಗೆ ಚೀನಾ ಹೀಗೆ ಹೊರದೇಶಗಳಿಗೆ ಕೊಟ್ಟ ಮಕ್ಕಳ ಸಂಖ್ಯೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧದಷ್ಟು, ಅಂದರೆ 82,000ಕ್ಕೂ ಹೆಚ್ಚು ಮಕ್ಕಳು ಅಮೆರಿಕಕ್ಕೆ ಹೋದರು. ದತ್ತು ಏಜೆನ್ಸಿಗಳು ಜಗತ್ತಿನಲ್ಲೇ ಅಚ್ಚುಕಟ್ಟಾದ ವ್ಯವಸ್ಥೆ ಎಂದರೆ ಚೀನಾದ್ದು ಎನ್ನುತ್ತಿದ್ದವು. ನಿಗದಿತ ಶುಲ್ಕ, ನಿಗದಿತ ದಾರಿ, ಇಂಗ್ಲಿಷ್ ಬಲ್ಲ ಗೈಡು, ಎರಡು ವಾರದಲ್ಲಿ ಮಗುವಿನೊಂದಿಗೆ ಮನೆಗೆ. ಆದರೆ ಆ ಅಚ್ಚುಕಟ್ಟೆಲ್ಲ ತಂದೆ ತಾಯಿಯಾಗಲು ಹೊರಟವರ ಕಡತಕ್ಕೆ ಸೇರಿದ್ದು. ಮಗುವಿನದು ಎಂದು ಇನ್ನೊಂದು ಕಡತವಿತ್ತಲ್ಲ, ಅದರ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮುಂದಿನ ಸಂಕಟಗಳೆಲ್ಲ ಆ ಎರಡನೆಯ ಕಡತದಿಂದಲೇ ಹುಟ್ಟಿದವು ಎಂಬುದು ನನ್ನ ಎಣಿಕೆ.

ಮೊದಲು ಹಿನ್ನೆಲೆ. 1980ರ ಹೊತ್ತಿಗೆ ಚೀನಾ ಒಂದೇ ಮಗುವಿನ ನೀತಿಯನ್ನು ಜಾರಿಗೆ ತಂದಿತು. ಹಳ್ಳಿಗಳಲ್ಲಿ ಮುಪ್ಪಿನ ಕಾಲಕ್ಕೆ ಆಸರೆಯಾಗುವವನು ಮಗ. ಮಗಳು ಮದುವೆಯಾಗಿ ಹೋಗುವವಳು. ಈ ಲೆಕ್ಕ ನಮಗೂ ಹೊಸದಲ್ಲ. ದಂಡ, ಬಲವಂತದ ಶಸ್ತ್ರಚಿಕಿತ್ಸೆ, ಮನೆ ಕೆಡವುವ ಬೆದರಿಕೆಗಳ ನಡುವೆ ಎರಡನೆಯ, ಮೂರನೆಯ ಹೆಣ್ಣುಮಗು ಅನಾಥಾಲಯದ ಬಾಗಿಲಿಗೋ ಸಂತೆಯ ಮೂಲೆಗೋ ಬಂದು ಬೀಳತೊಡಗಿತು. 1991ರ ಕೊನೆಯಲ್ಲಿ ಒಪ್ಪಿಗೆ ಪಡೆದ ದತ್ತು ಕಾಯ್ದೆ 1992ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ವಿದೇಶಿಯರಿಗೆ ಬಾಗಿಲು ತೆರೆಯಿತು.

ಅದೇ ಕಾಯ್ದೆಯ ಇನ್ನೊಂದು ಷರತ್ತನ್ನು ವಿದೇಶಿ ಕುಟುಂಬಗಳು ಬಹುಮಟ್ಟಿಗೆ ಗಮನಿಸಲೇ ಇಲ್ಲ. ಚೀನೀಯರು ದತ್ತು ಪಡೆಯಬೇಕಾದರೆ ಅವರಿಗೆ ಮಕ್ಕಳಿರಬಾರದು, ವಯಸ್ಸು 35 ದಾಟಿರಬೇಕು ಎಂದಿತ್ತು. ದತ್ತಿನ ನೆಪದಲ್ಲಿ ಹೆಚ್ಚು ಮಕ್ಕಳು ಮಾಡಿಕೊಂಡಾರೆಂಬ ಭಯ ಸರ್ಕಾರಕ್ಕೆ. ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸೆ ಕೇ ಆನ್ ಜಾನ್ಸನ್ ಸ್ವತಃ ಚೀನಾದಿಂದ ಮಗಳನ್ನು ದತ್ತು ಪಡೆದವರು. ‘ಚೀನೀಯರಿಗೆ ಹೆಣ್ಣುಮಕ್ಕಳು ಬೇಡ’ ಎಂಬ ಮಾತು ಅರ್ಧಸತ್ಯ ಎಂದು ಅವರು ತೋರಿಸಿಕೊಟ್ಟರು. ಒಂದು ಗಂಡು ಒಂದು ಹೆಣ್ಣು ಇದ್ದರೆ ಮನೆ ತುಂಬಿತು ಎನ್ನುವವರು ಅಲ್ಲಿನ ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು. ಬಾಗಿಲಲ್ಲಿ ಸಿಕ್ಕ ಹೆಣ್ಣುಮಗುವನ್ನು ಎತ್ತಿಕೊಂಡು ಸಾಕಿದವರೂ ಇದ್ದರು. ಕಾನೂನು ಅವರನ್ನು ಅಪರಾಧಿಗಳನ್ನಾಗಿ ಮಾಡಿತು. 35 ಎಂಬುದು 30ಕ್ಕೆ ಇಳಿದದ್ದು 1999ರಲ್ಲಿ. ಅಷ್ಟರಲ್ಲಿ ವಿದೇಶದ ದಾರಿ ಹೆದ್ದಾರಿಯಾಗಿತ್ತು.

ಈಗ ಆ ದಾರಿ ಹಿಡಿದವರ ಕಡೆಗೆ ಬರೋಣ. ಒಹಾಯೊದಲ್ಲೋ ಟೆಕ್ಸಾಸಿನಲ್ಲೋ ಕೂತು ಒಂದು ಮಗು ಬೇಕು ಎಂದುಕೊಂಡವರ ಪಾಡು ಶುರುವಾಗುತ್ತಿದ್ದುದು ಹೋಮ್ ಸ್ಟಡಿಯಿಂದ. ಸಮಾಜ ಕಾರ್ಯಕರ್ತೆ ಮನೆಗೆ ಬಂದು ಕೂರುತ್ತಾಳೆ. ಚಿಕ್ಕಂದಿನಲ್ಲಿ ಅಪ್ಪ ಹೊಡೆಯುತ್ತಿದ್ದರೇ? ಗಂಡ ಹೆಂಡಿರ ಜಗಳ ಹೇಗೆ ಮುಗಿಯುತ್ತದೆ? ಸಾಲ ಎಷ್ಟಿದೆ? ಹೊಗೆ ಬಂದರೆ ಕೂಗುವ ಅಲಾರಂ ಇದೆಯೇ, ನಾಯಿಗೆ ಚುಚ್ಚುಮದ್ದು ಹಾಕಿಸಿದ್ದೀರಾ? ಹೆರಿಗೆಯಾಗುವ ಯಾವ ತಾಯಿಯನ್ನೂ ಯಾರೂ ಇದನ್ನೆಲ್ಲ ಕೇಳುವುದಿಲ್ಲ ಎಂಬ ಸಿಡುಕು ಬಹಳ ಮಂದಿಗೆ ಇತ್ತು. ಇರಲಿ, ಅಪರಿಚಿತರ ಕೈಗೆ ಮಗು ಕೊಡುವಾಗ ಇಷ್ಟು ಕೇಳುವುದು ತಪ್ಪೇನೂ ಅಲ್ಲ.

ಆಮೇಲೆ ಕಾಗದದ ಕಾಡು. ಜನನ ಪ್ರಮಾಣಪತ್ರ, ಮದುವೆ ಪತ್ರ, ವೈದ್ಯಕೀಯ ವರದಿ, ಸಂಬಳದ ಪತ್ರ, ಪೊಲೀಸರ ಪತ್ರ. ಪ್ರತಿಯೊಂದಕ್ಕೂ ನೋಟರಿಯ ಸಹಿ. ಆ ನೋಟರಿ ನಿಜವಾದ ನೋಟರಿಯೇ ಎಂದು ರಾಜ್ಯ ಸರ್ಕಾರದ ಮೊಹರು. ಆ ರಾಜ್ಯದ ಮೊಹರು ನಿಜವೇ ಎಂದು ಚೀನೀ ಕಾನ್ಸುಲೇಟಿನ ಮೊಹರು. ನೋಟರಿಯ ಪರವಾನಗಿ ಅವಧಿ ಹತ್ತಿರದಲ್ಲೇ ಮುಗಿಯುವಂತಿದ್ದರೆ ಮತ್ತೆ ಮೊದಲಿನಿಂದ. ಇದರ ಜೊತೆಗೆ ಅಮೆರಿಕದ ವಲಸೆ ಇಲಾಖೆಯಲ್ಲಿ ಬೆರಳಚ್ಚು. ಅದರ ಆಯುಷ್ಯ ಹದಿನೈದು ತಿಂಗಳು. ಏಜೆನ್ಸಿ ಶುಲ್ಕ, ಅನುವಾದ, ಪ್ರಯಾಣ ಎಲ್ಲ ಸೇರಿ ಖರ್ಚು ಇಪ್ಪತ್ತು ಸಾವಿರ ಡಾಲರಿನ ಆಸುಪಾಸು. ಕಾಲ ಕಳೆದಂತೆ ಮೂವತ್ತು ಸಾವಿರಕ್ಕೂ ಹೋಯಿತು. ಮನೆ ಅಡವಿಟ್ಟವರು, ಚರ್ಚಿನಲ್ಲಿ ಊಟದ ಕೂಪನ್ ಮಾರಿ ಹಣ ಕೂಡಿಸಿದವರು ಎಲ್ಲರೂ ಇದ್ದರು.

ಕಡತ ಬೀಜಿಂಗ್ ತಲುಪಿ ನೋಂದಣಿಯಾದ ದಿನದಿಂದ ಕಾಯುವಿಕೆ ಶುರು. 2005ರಲ್ಲಿ ಅದು ಆರೇಳು ತಿಂಗಳ ಮಾತು. ಆ ಒಂದೇ ವರ್ಷ ಸುಮಾರು 7,900 ಮಕ್ಕಳು ಚೀನಾದಿಂದ ಅಮೆರಿಕಕ್ಕೆ ಹೋದರು. ಅದೇ ಶಿಖರ. ಮುಂದೆ ಇಳಿಜಾರು. ಚೀನಾದಲ್ಲಿ ಹಣ ಓಡಾಡತೊಡಗಿತ್ತು, ದೇಶದೊಳಗಿನ ದತ್ತು ಹೆಚ್ಚಾಗಿತ್ತು, ಮಗು ಬಿಟ್ಟುಹೋಗುವವರು ಕಡಿಮೆಯಾಗಿದ್ದರು. ಅರ್ಜಿಗಳು ಮಾತ್ರ ಗುಡ್ಡೆ ಬಿದ್ದಿದ್ದವು. 2007ರ ಮೇ 1ರಿಂದ ಬೀಜಿಂಗ್ ಷರತ್ತು ಬಿಗಿ ಮಾಡಿತು. ಒಂಟಿ ಮಹಿಳೆಯರಿಗೆ ಬಾಗಿಲು ಬಂದ್. ಐವತ್ತು ದಾಟಿದವರು, ದೇಹತೂಕ ಸೂಚ್ಯಂಕ 40 ಮುಟ್ಟಿದವರು, 80,000 ಡಾಲರ್ ಆಸ್ತಿ ಇಲ್ಲದವರು ಹೊರಗೆ. ಇಷ್ಟಾದರೂ ಸಾಲು ಕರಗಲಿಲ್ಲ. 2006ರ ಕೊನೆಯಲ್ಲಿ ನೋಂದಣಿಯಾದವರು ಆರೇಳು ವರ್ಷ ಕಾದರು. ಬೆರಳಚ್ಚು ಮತ್ತೆ ಮತ್ತೆ, ಹೋಮ್ ಸ್ಟಡಿ ಮತ್ತೆ ಮತ್ತೆ. ತೊಟ್ಟಿಲ ಕೋಣೆಗೆ ಬಣ್ಣ ಬಳಿದವರು ಅದನ್ನು ಸಾಮಾನಿನ ಕೋಣೆ ಮಾಡಿಕೊಂಡರು. ಬಹಳ ಜನ ಆ ಸಾಲು ಬಿಟ್ಟು ಇನ್ನೊಂದಕ್ಕೆ ಹಾರಿದರು: ಸೀಳು ತುಟಿ, ಹೃದಯದ ತೊಂದರೆ, ಕಣ್ಣು ಕಿವಿಯ ಊನ ಇರುವ ಮಕ್ಕಳ ಸಾಲು. ಕೊನೆಯ ವರ್ಷಗಳಲ್ಲಿ ಚೀನಾದಿಂದ ಹೋದವರಲ್ಲಿ ಬಹುಪಾಲು ಇಂಥ ಮಕ್ಕಳೇ. ಅವರಲ್ಲಿ ಗಂಡುಮಕ್ಕಳೂ ಸಾಕಷ್ಟಿದ್ದರು.

ಕಾಯುವಿಕೆಯ ಕೊನೆಗೆ ಒಂದು ದಿನ ಲಕೋಟೆ ಬರುತ್ತಿತ್ತು, ಆಮೇಲಾಮೇಲೆ ಇಮೇಲು. ಅಂಚೆಚೀಟಿಗಿಂತ ತುಸು ದೊಡ್ಡ ಫೋಟೊ, ಒಂದೆರಡು ಪುಟದ ವರದಿ. ಎತ್ತರ, ತೂಕ, ತಲೆಯ ಸುತ್ತಳತೆ, ‘ನಗುತ್ತಾಳೆ, ಸಂಗೀತ ಇಷ್ಟ’ ಎಂಬ ಒಂದು ಸಾಲು. ಅಷ್ಟರ ಮೇಲೆ ಹೂಂ ಅಥವಾ ಉಹೂಂ ಅನ್ನಬೇಕು. ಇದನ್ನು ಓದಿ ಹೇಳುವ ವೈದ್ಯರ ಪಂಗಡವೇ ಅಮೆರಿಕದಲ್ಲಿ ಹುಟ್ಟಿಕೊಂಡಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ಡೇನಾ ಜಾನ್ಸನ್ 1986ರಲ್ಲಿ ಶುರುಮಾಡಿದ ಕ್ಲಿನಿಕ್ ಇದಕ್ಕೆ ಮೊದಲ ಮಾದರಿ. ಅನಾಥಾಲಯದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಮಗುವಿನ ಬೆಳವಣಿಗೆ ಸುಮಾರು ಒಂದು ತಿಂಗಳು ಹಿಂದೆ ಬೀಳುತ್ತದೆ ಎಂಬುದು ಈ ವೈದ್ಯರು ಕಂಡುಕೊಂಡ ಲೆಕ್ಕ. ವರ್ಷ ತುಂಬಿದ ಮಗು ಇನ್ನೂ ಕೂರುತ್ತಿಲ್ಲವೆಂದರೆ ಗಾಬರಿಯಾಗಬೇಡಿ, ತಲೆಯ ಸುತ್ತಳತೆ ತೀರಾ ಕಡಿಮೆ ಇದ್ದರೆ ಯೋಚಿಸಿ ಎಂದು ಅವರು ಹೇಳುತ್ತಿದ್ದರು.

ಹೂಂ ಎಂದ ಕೆಲವು ವಾರಕ್ಕೆ ಪ್ರಯಾಣದ ಅನುಮತಿ. ಹತ್ತು ಹನ್ನೆರಡು ಕುಟುಂಬಗಳ ಗುಂಪು. ಮೊದಲು ಬೀಜಿಂಗಿನಲ್ಲಿ ಮಹಾಗೋಡೆ, ಅರಮನೆ. ನಿದ್ದೆಗೆಟ್ಟ ಕಣ್ಣಲ್ಲಿ ಯಾರೂ ಸರಿಯಾಗಿ ನೋಡುತ್ತಿರಲಿಲ್ಲ. ಅಂಗಿಯೊಳಗೆ ಸೊಂಟಕ್ಕೆ ಕಟ್ಟಿದ ಚೀಲದಲ್ಲಿ 3,000 ಡಾಲರ್ ನಗದು, ನೂರರ ಗರಿಗರಿ ನೋಟುಗಳು. ಅನಾಥಾಲಯಕ್ಕೆ ಕೊಡಬೇಕಾದ ಕಡ್ಡಾಯ ‘ದೇಣಿಗೆ’ ಅದು. ಮಡಚಿದ, ಗೀಚಿದ ನೋಟು ನಡೆಯದು ಎಂದು ಏಜೆನ್ಸಿಯವರು ಮೊದಲೇ ಎಚ್ಚರಿಸುತ್ತಿದ್ದರು. ಈ ಹಣದ ಮಾತಿಗೆ ಆಮೇಲೆ ಬರುತ್ತೇನೆ.

ಬೀಜಿಂಗಿನಿಂದ ಮಗು ಇರುವ ಪ್ರಾಂತ್ಯದ ರಾಜಧಾನಿಗೆ. ಹುನಾನ್ ಆದರೆ ಚಾಂಗ್‌ಶಾ, ಜಿಯಾಂಗ್‌ಷಿ ಆದರೆ ನಾನ್‌ಚಾಂಗ್, ಗುವಾಂಗ್‌ಷಿ ಆದರೆ ನಾನ್‌ನಿಂಗ್. ಅಲ್ಲಿ ಹೋಟೆಲಿನ ಹಜಾರದಲ್ಲೋ ಸರ್ಕಾರಿ ಕಚೇರಿಯ ಟ್ಯೂಬ್‌ಲೈಟ್ ಕೋಣೆಯಲ್ಲೋ ಹಸ್ತಾಂತರ. ಅನಾಥಾಲಯದ ಆಯಾಗಳು ವ್ಯಾನಿನಲ್ಲಿ ಐದಾರು ಗಂಟೆ ಕೂತು ಮಕ್ಕಳನ್ನು ಹೊತ್ತು ತಂದಿರುತ್ತಾರೆ. ಒಬ್ಬರು ಹೆಸರು ಕೂಗುತ್ತಾರೆ, ಇನ್ನೊಬ್ಬರು ಮಗುವನ್ನು ದಾಟಿಸುತ್ತಾರೆ. ಎಲ್ಲ ಕೆಲವೇ ನಿಮಿಷ. ವರ್ಷಗಟ್ಟಲೆ ಕಾದವರು ಆ ಕ್ಷಣದಲ್ಲಿ ಅತ್ತುಬಿಡುತ್ತಿದ್ದರು. ಮಗುವೂ ಅಳುತ್ತಿತ್ತು, ಕಾರಣ ಮಾತ್ರ ಬೇರೆ. ಅದಕ್ಕೆ ಗೊತ್ತಿದ್ದ ಏಕೈಕ ಮೈಬಿಸಿ ಆ ಆಯಾಳದು. ಎದುರಿಗಿರುವವರ ಮೂಗು, ಕೂದಲು, ವಾಸನೆ, ಮಾತು ಎಲ್ಲ ಅಪರಿಚಿತ. ಕೆಲವು ಮಕ್ಕಳು ಗಂಟೆಗಟ್ಟಲೆ ಚೀರುತ್ತಿದ್ದವು. ಇನ್ನು ಕೆಲವು ಒಂದು ಹನಿಯೂ ಇಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದವು. ಅನುಭವಸ್ಥರು ಹೇಳುವ ಪ್ರಕಾರ ಹೆಚ್ಚು ಆತಂಕಪಡಬೇಕಾದದ್ದು ಈ ಎರಡನೆಯ ಬಗೆಗೆ. ಒಂದೇ ವಾರದಲ್ಲಿ ಅಮ್ಮನಿಗೋ ಅಪ್ಪನಿಗೋ ಅಂಟಿಕೊಂಡು ಇನ್ನೊಬ್ಬರು ಹತ್ತಿರ ಬಂದರೆ ಒದೆಯುವ ಮಕ್ಕಳೂ ಇದ್ದವು. ಒದೆ ತಿಂದ ತಾಯಂದಿರು ಆ ರಾತ್ರಿಗಳ ಬಗ್ಗೆ ಎಷ್ಟೋ ವರ್ಷ ಬಾಯಿಬಿಡಲಿಲ್ಲ. ದತ್ತು ಎಂದರೆ ಸಂತೋಷ ಮಾತ್ರ ಎಂಬ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಂದು ರಾತ್ರಿ ಮಗುವಿನೊಂದಿಗೆ ಕಳೆದು, ಮರುದಿನ ಮತ್ತೆ ಕಚೇರಿ. ‘ಈ ಮಗುವನ್ನು ಹಿಂಸಿಸುವುದಿಲ್ಲ, ಕೈಬಿಡುವುದಿಲ್ಲ ಎಂದು ಮಾತು ಕೊಡುತ್ತೀರಾ’ ಎಂದು ಅಧಿಕಾರಿ ಕೇಳುತ್ತಾನೆ. ತಂದೆ ತಾಯಿಯ ಹೆಬ್ಬೆಟ್ಟಿನ ಪಕ್ಕದಲ್ಲಿ ಕೂಸಿನ ಅಂಗೈಯೋ ಅಂಗಾಲೋ ಕೆಂಪು ಮಸಿಯಲ್ಲಿ ಒತ್ತುತ್ತಾರೆ. ಆಮೇಲೆ ಮಗುವಿನ ಚೀನೀ ಪಾಸ್‌ಪೋರ್ಟಿಗೆ ಹೆಚ್ಚುಕಡಿಮೆ ಒಂದು ವಾರ ಅದೇ ಊರಲ್ಲಿ ಕಾಯುವುದು. ಆ ವಾರ ಬೀದಿಗಿಳಿದರೆ ಅಲ್ಲಿನ ಅಜ್ಜಿಯರ ಕೈಗೆ ಸಿಕ್ಕಿಹಾಕಿಕೊಳ್ಳಬೇಕಿತ್ತು. ಬೇಸಿಗೆಯಲ್ಲೂ ಕೂಸಿಗೆ ಕಾಲುಚೀಲ ಹಾಕಿಲ್ಲವೆಂದು ಗದರುವುದು, ಅಂಗಿ ಎಳೆದು ಹೊಟ್ಟೆ ಮುಚ್ಚುವುದು. ಕುಲಾವಿ ಇಲ್ಲದ ಕೂಸನ್ನು ಕಂಡ ನಮ್ಮ ಮಲೆನಾಡಿನ ಅಜ್ಜಿಯರ ಥರವೇ. ಬೈದು ಮುಗಿಸಿದ ಮೇಲೆ ಹೆಬ್ಬೆರಳು ಎತ್ತಿ ‘ಪುಣ್ಯವಂತೆ ಮಗು’ ಎನ್ನುತ್ತಿದ್ದರಂತೆ. ಆಮೇಲೆ ಗುವಾಂಗ್‌ಝೌ. ವೈದ್ಯಕೀಯ ತಪಾಸಣೆ, ಫೋಟೊ, ಕಾನ್ಸುಲೇಟಿನಲ್ಲಿ ಎಲ್ಲರೂ ಒಟ್ಟಾಗಿ ಬಲಗೈ ಎತ್ತಿ ಪ್ರಮಾಣ. ಕೈಗೊಂದು ಅಂಟಿಸಿದ ಕಂದು ಲಕೋಟೆ. ಅದನ್ನು ಒಡೆಯುವ ಹಕ್ಕು ಅಮೆರಿಕದ ವಿಮಾನ ನಿಲ್ದಾಣದ ಅಧಿಕಾರಿಗೆ ಮಾತ್ರ.

2001ರ ಫೆಬ್ರುವರಿಯಿಂದ ಜಾರಿಗೆ ಬಂದ ಅಮೆರಿಕದ ಕಾಯ್ದೆಯ ಪ್ರಕಾರ, ಹೊರದೇಶದಲ್ಲೇ ದತ್ತು ಪೂರ್ಣಗೊಳಿಸಿಕೊಂಡು ಬಂದ ಮಗು ಆ ನಿಲ್ದಾಣ ದಾಟಿದ ಕೂಡಲೇ ಅಮೆರಿಕದ ಪ್ರಜೆ. ಅದಕ್ಕೂ ಮುಂಚೆ ತಂದೆ ತಾಯಿ ಪೌರತ್ವಕ್ಕೆ ಬೇರೆ ಅರ್ಜಿ ಹಾಕಬೇಕಿತ್ತು. ಎಷ್ಟೋ ಜನ ಹಾಕಲೇ ಇಲ್ಲ. ಮುಂಬೈಯಿಂದ 1989ರಲ್ಲಿ ಬಾಲಕಿಯಾಗಿ ಅಮೆರಿಕಕ್ಕೆ ಹೋದ ಒಬ್ಬಾಕೆಯನ್ನು, ಇಬ್ಬರು ಮಕ್ಕಳ ತಾಯಿಯಾದ ಮೇಲೆ, 2008ರಲ್ಲಿ ಭಾರತಕ್ಕೆ ಗಡೀಪಾರು ಮಾಡಲಾಯಿತು. ಆಕೆಗೆ ಇಲ್ಲಿ ಯಾರೂ ಇರಲಿಲ್ಲ. ಹಾಕದೇ ಬಿಟ್ಟ ಒಂದು ಅರ್ಜಿಯ ಬೆಲೆ ಅದು.

ಈಗ ಆ ಇನ್ನೊಂದು ಕಡತ. ಅದರಲ್ಲಿ ಇರುತ್ತಿದ್ದುದು ಕೆಲವೇ ಹಾಳೆ. ಇಂಥ ದಿನ, ಇಂಥ ಗೇಟಿನ ಮುಂದೆ, ಇಂಥವರಿಗೆ ಮಗು ಸಿಕ್ಕಿತು, ಹೆತ್ತವರು ಪತ್ತೆಯಾಗಲಿಲ್ಲ ಎಂಬ ಪ್ರಮಾಣಪತ್ರ. ಪ್ರಾಂತ್ಯದ ಪತ್ರಿಕೆಯಲ್ಲಿ ಫೋಟೊ ಸಮೇತ ಸಣ್ಣ ಪ್ರಕಟಣೆ: ಅರವತ್ತು ದಿನದಲ್ಲಿ ಯಾರೂ ಬರದಿದ್ದರೆ ಮಗು ಸರ್ಕಾರದ್ದು. ಹುಟ್ಟಿದ ದಿನ ಅಂದಾಜು. ಮನೆತನದ ಹೆಸರು ಅನಾಥಾಲಯದ್ದು. ಹುನಾನಿನ ಶಾವೊಯಾಂಗ್ ಅನಾಥಾಲಯದಲ್ಲಿ ಬೆಳೆದವರೆಲ್ಲ ‘ಶಾವೊ’ಗಳು. ತಂದೆ ತಾಯಿಯ ಒಂದು ಸಂಬಳದ ಪತ್ರಕ್ಕೆ ಮೂರು ಮೊಹರು ಕೇಳಿದ ವ್ಯವಸ್ಥೆ, ಮಗು ನಿಜವಾಗಿ ಆ ಗೇಟಿನ ಮುಂದೆ ಸಿಕ್ಕಿತೇ ಎಂದು ಕೇಳಲು ಹೊರಗಿನವರಾರನ್ನೂ ಕಳಿಸಲಿಲ್ಲ. ಮಗುವನ್ನು ತೊರೆಯುವುದು ಅಪರಾಧವಾದ್ದರಿಂದ ಯಾವ ತಾಯಿಯೂ ಹೆಸರು ಬರೆದಿಟ್ಟು ಹೋಗುತ್ತಿರಲಿಲ್ಲ ಎಂಬ ವಿವರಣೆಯೂ ಕೈಗೆ ಸಿದ್ಧವಾಗಿತ್ತು. ಅದು ನಿಜವೂ ಆಗಿತ್ತು, ಆದ್ದರಿಂದಲೇ ಸುಳ್ಳಿಗೆ ಒಳ್ಳೆಯ ಮರೆಯೂ ಆಯಿತು.

2005ರ ಕೊನೆಯಲ್ಲಿ ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್‌ನಲ್ಲಿ ಪೊಲೀಸರು ಮಗು ಸಾಗಿಸುವವರ ಜಾಲವೊಂದನ್ನು ಹಿಡಿದರು. ಅನಾಥಾಲಯಗಳು ದಲ್ಲಾಳಿಗಳಿಂದ ಕೂಸುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದವು, ‘ಸಿಕ್ಕ ಮಗು’ ಎಂದು ಕಾಗದ ಹುಟ್ಟಿಸುತ್ತಿದ್ದವು. ಮರುವರ್ಷ ಅನಾಥಾಲಯದ ಅಧಿಕಾರಿಯೊಬ್ಬರೂ ಸೇರಿ ಹಲವರಿಗೆ ಜೈಲಾಯಿತು. ಲೆಕ್ಕ ಬಿಡಿಸುವುದು ಕಷ್ಟವಲ್ಲ. ವಿದೇಶಕ್ಕೆ ಹೋಗುವ ಪ್ರತಿ ಮಗುವಿನ ಹಿಂದೆಯೂ ಆ 3,000 ಡಾಲರ್ ಬರುತ್ತಿತ್ತು. ಹುನಾನಿನ ಹಳ್ಳಿಗನಿಗೆ ಅದು ಹಲವು ವರ್ಷದ ದುಡಿಮೆ. ಕೂಸು ಸಿಗುತ್ತಲೇ ಇರಬೇಕು ಎಂಬ ಆಸೆ ಅನಾಥಾಲಯಕ್ಕೆ ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು. ಆ ಹಣದಿಂದ ಒಳ್ಳೆಯ ತೊಟ್ಟಿಲು, ಬಿಸಿನೀರು, ಹೆಚ್ಚು ಆಯಾಗಳು ಬಂದದ್ದೂ ಹೌದು. ಸೊಂಟಕ್ಕೆ ಹಣ ಕಟ್ಟಿಕೊಂಡು ಬಂದವರು ಅದಕ್ಕೆಂದೇ ಕೊಟ್ಟವರು. ಅವರನ್ನು ಕೊಳ್ಳುವವರು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಆದರೆ ಗರಿಗರಿ ನೋಟು ಕೇಳಿದವರನ್ನು ಯಾರೂ ಯಾಕೆ ಎಂದು ಕೇಳಲಿಲ್ಲವಲ್ಲ ಎಂಬುದು ಕಾಡುತ್ತದೆ.

ಇನ್ನೂ ಕೆಟ್ಟದ್ದು ಅದೇ ಪ್ರಾಂತ್ಯದ ಲೊಂಗ್‌ಹುಯಿ ಎಂಬ ಬಡ ತಾಲ್ಲೂಕಿನದು. ಅಲ್ಲಿ ಕುಟುಂಬ ಯೋಜನೆಯ ಅಧಿಕಾರಿಗಳೇ ದಂಡ ಕಟ್ಟಲಾರದ ಮನೆಗಳಿಂದ ಮಕ್ಕಳನ್ನು ಕಿತ್ತುಕೊಂಡು ಅನಾಥಾಲಯಕ್ಕೆ ಸೇರಿಸಿದ್ದರು. ಅಮೆರಿಕದ ಪತ್ರಕರ್ತೆ ಬಾರ್ಬರಾ ಡೆಮಿಕ್ 2009ರಲ್ಲಿ ಇದನ್ನು ಬರೆದರು. 2011ರಲ್ಲಿ ಚೀನಾದ್ದೇ ಆದ ತ್ಸೈಶಿನ್ ಪತ್ರಿಕೆ ವಿವರವಾಗಿ ಬಯಲಿಗೆಳೆಯಿತು. ಡೆಮಿಕ್ ಹಿಂಬಾಲಿಸಿದ ಒಂದು ಪ್ರಕರಣ ಅವಳಿ ಹೆಣ್ಣುಮಕ್ಕಳದು. 2002ರಲ್ಲಿ ಸೋದರತ್ತೆಯ ಮನೆಯಲ್ಲಿ ಬಚ್ಚಿಟ್ಟಿದ್ದ ಒಂದು ಮಗುವನ್ನು ಅಧಿಕಾರಿಗಳು ಎಳೆದೊಯ್ದರು. ಅವಳು ಟೆಕ್ಸಾಸ್ ಸೇರಿದಳು. ಅವಳ ಕಡತದ ಪ್ರಕಾರ ಅವಳು ಶಾವೊಯಾಂಗ್‌ನ ಬಿದಿರು ಕರಕುಶಲ ಕಾರ್ಖಾನೆಯೊಂದರ ಗೇಟಿನಲ್ಲಿ ಸಿಕ್ಕ ಮಗು. ಅಕ್ಕ ತಂಗಿಯರು ಮತ್ತೆ ಭೇಟಿಯಾದದ್ದು 2019ರಲ್ಲಿ. ಆ ಕಥೆ ಆಮೇಲೆ ಪುಸ್ತಕವಾಗಿಯೂ ಬಂದಿದೆ. ಸುದ್ದಿ ಮೊದಲು ತಿಳಿದಾಗ ದತ್ತು ತಾಯಂದಿರಿಗೆ ಹುಟ್ಟಿದ ಭಯ ಸುಲಭವಾಗಿ ಊಹಿಸಬಹುದಾದದ್ದು: ಮಗುವನ್ನು ವಾಪಸ್ ಕೇಳಿದರೆ? ಹಲವರು ಕಡತವನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಇನ್ನು ಹಲವರು ಹಳೆಯ ಪತ್ರಿಕಾ ಪ್ರಕಟಣೆ ಹುಡುಕಿಸಿದರು, ಮಗು ಸಿಕ್ಕಿದ್ದೆಂದು ಹೇಳಿದ ಊರಿಗೇ ಹೋಗಿ ಗೋಡೆಗೆ ಪೋಸ್ಟರು ಅಂಟಿಸಿದರು, ಡಿಎನ್ಎ ಪರೀಕ್ಷೆ ಮಾಡಿಸಿದರು. ಈಗ ಆ ಹುಡುಕಾಟವನ್ನು ಬೆಳೆದ ಮಕ್ಕಳೇ ಕೈಗೆತ್ತಿಕೊಂಡಿದ್ದಾರೆ.

2020ರ ಆರಂಭದಲ್ಲಿ ಕೋವಿಡ್ ಬಂದು ಚೀನಾ ಪ್ರಯಾಣವನ್ನು ನಿಲ್ಲಿಸಿತು. ಮಗು ನಿಗದಿಯಾಗಿ, ಫೋಟೊ ಗೋಡೆಗೆ ಹಾಕಿ, ಟಿಕೆಟಿಗೆ ಕಾಯುತ್ತಿದ್ದ ನೂರಾರು ಕುಟುಂಬಗಳು ಅಲ್ಲೇ ಉಳಿದವು. ಹುಟ್ಟುಹಬ್ಬಕ್ಕೆ ಕೇಕು, ಬಟ್ಟೆ ಕಳಿಸುತ್ತ ನಾಲ್ಕು ವರ್ಷ ಕಳೆದರು. ಆ ಮಕ್ಕಳಲ್ಲಿ ಚಿಕಿತ್ಸೆ ಬೇಕಾದವರೇ ಹೆಚ್ಚು. 2022ರ ಅಕ್ಟೋಬರಿನಿಂದ ಒಂದು ವರ್ಷದಲ್ಲಿ ಅಮೆರಿಕ ಚೀನೀ ದತ್ತು ಮಕ್ಕಳಿಗೆ ಕೊಟ್ಟ ವೀಸಾ ಬರೀ 16. 2024ರ ಸೆಪ್ಟೆಂಬರ್ 5ರಂದು ಚೀನೀ ವಿದೇಶಾಂಗ ವಕ್ತಾರೆ ಮಾವ್ ನಿಂಗ್ ದಿನನಿತ್ಯದ ಸುದ್ದಿಗೋಷ್ಠಿಯಲ್ಲಿ ಹೇಳಿಬಿಟ್ಟರು: ಹತ್ತಿರದ ರಕ್ತಸಂಬಂಧಿಗಳು, ಮಲಮಕ್ಕಳ ಪ್ರಕರಣ ಬಿಟ್ಟರೆ ಇನ್ನು ಹೊರದೇಶಕ್ಕೆ ಮಕ್ಕಳನ್ನು ಕಳಿಸುವುದಿಲ್ಲ. ಕಾಯುತ್ತಿದ್ದ ಕುಟುಂಬಗಳಿಗೆ ಬೇರೆ ಉತ್ತರ ಸಿಗಲಿಲ್ಲ. ಬೆಳೆದ ದತ್ತು ಮಕ್ಕಳಲ್ಲಿ ಕೆಲವರು ಸದ್ಯ ನಿಂತಿತಲ್ಲ ಎಂದರು. ಕೆಲವರು ನಮ್ಮ ಕಡತಗಳ ಗತಿ ಏನು ಎಂದು ಕೇಳಿದರು.

ನಮ್ಮ ದೇಶದ ಮಾತು ಎತ್ತದೆ ಇದನ್ನು ಮುಗಿಸುವುದು ಸರಿಯಲ್ಲ, ಏಕೆಂದರೆ ಮಗುವಿನ ಕಡತದ ಪ್ರಶ್ನೆಯನ್ನು ಭಾರತ ಚೀನಾಕ್ಕಿಂತ ಮೊದಲೇ ಎತ್ತಿತ್ತು. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟು, 1984ರ ಫೆಬ್ರುವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನಲ್ಲಿ ವಿದೇಶಿ ದತ್ತಿಗೆ ನಿಯಮ ಹಾಕಿತು. ಮಗುವಿಗೆ ಮೊದಲು ದೇಶದೊಳಗೇ ಮನೆ ಹುಡುಕಬೇಕು, ಹೆತ್ತವಳ ಮೇಲೆ ಒತ್ತಡ ಇರಬಾರದು, ಹಣದ ವ್ಯವಹಾರಕ್ಕೆ ಲೆಕ್ಕವಿರಬೇಕು ಎಂಬುದು ಅದರ ತಿರುಳು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಎಲ್ಲರ ಬಾಯಲ್ಲಿ ‘ಕಾರಾ’, ಹುಟ್ಟಿತು. ನಿಯಮ ಇದ್ದ ಮಾತ್ರಕ್ಕೆ ಕಳವು ನಿಲ್ಲಲಿಲ್ಲ. ಚೆನ್ನೈನ ಕೊಳೆಗೇರಿಗಳಿಂದ ಕದ್ದ ಮಕ್ಕಳು ಒಂದು ಸಂಸ್ಥೆಯ ಮೂಲಕ ನೆದರ್ಲೆಂಡ್ಸ್, ಆಸ್ಟ್ರೇಲಿಯಗಳಿಗೆ ಹೋದದ್ದು 2005ರಲ್ಲಿ ಬಯಲಾಯಿತು.

ಇಂದಿನ ಕಾನೂನು 2015ರ ಬಾಲನ್ಯಾಯ ಕಾಯ್ದೆ. ಸಿಕ್ಕ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು ಹೆತ್ತವರನ್ನು ಹುಡುಕಬೇಕು. ತಾನಾಗಿ ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳು. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಮಗು ದತ್ತಿಗೆ ಮುಕ್ತ ಎಂದು ಘೋಷಿಸುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಅರವತ್ತು ದಿನದಲ್ಲಿ ಭಾರತೀಯ ಕುಟುಂಬ ಸಿಗದಿದ್ದರೆ ವಿದೇಶಿಯರ ಸರದಿ. ಅನಿವಾಸಿ ಭಾರತೀಯರನ್ನು ಈ ಲೆಕ್ಕದಲ್ಲಿ ಇಲ್ಲಿನವರ ಸಮಕ್ಕೇ ಕೂರಿಸಿದ್ದಾರೆ. ಆದರೆ ಸಾಲಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳಿವೆ. ಕಾಯುವಿಕೆ ಮೂರು ವರ್ಷ ದಾಟುತ್ತದೆ. ಹಾಗಾಗಿ ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ಕನ್ನಡದ ದಂಪತಿ ‘ನಾವು ಭಾರತೀಯರೇ ಅಲ್ಲವೇ’ ಎಂದು ಲಗುಬಗೆಯಿಂದ ಬಂದರೆ ನಿರಾಶೆ ಖಂಡಿತ. ಅಲ್ಲಿನ ಅಧಿಕೃತ ಏಜೆನ್ಸಿಯ ಹೋಮ್ ಸ್ಟಡಿ, ಕಾರಾದ ನಿರಾಕ್ಷೇಪಣಾ ಪತ್ರ, 2022ರಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯ ಆದೇಶ, ಮಗುವಿನ ಪಾಸ್‌ಪೋರ್ಟು, ಎಲ್ಲ ಆಗಬೇಕು. ಮಗು ಬೆಂಗಳೂರಿನದಾದರೂ ಅಮೆರಿಕದ ದತ್ತು ವೀಸಾ ಸಿಗುವುದು ದೆಹಲಿಯ ರಾಯಭಾರ ಕಚೇರಿಯಲ್ಲಿ.

ಇನ್ನೂ ಹೆಚ್ಚು ಜನ ಎಡವುವುದು ಸಂಬಂಧಿಕರ ಮಗುವಿನ ವಿಷಯದಲ್ಲಿ. ಅಣ್ಣನ ಮೂರನೆಯ ಮಗುವನ್ನು ಅಮೆರಿಕದಲ್ಲಿರುವ ತಂಗಿಗೆ ಕೊಡೋಣ ಎಂದು ಹಿರಿಯರು ಮಾತಾಡಿ, ಹೋಮ ಮಾಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತುಪತ್ರ ನೋಂದಾಯಿಸುತ್ತಾರೆ. 1956ರ ಹಿಂದೂ ದತ್ತು ಕಾಯ್ದೆಯ ಕಣ್ಣಿಗೆ ಅದು ಸರಿಯಾದ ದತ್ತೇ. ಆದರೆ ಆ ಪತ್ರವೊಂದನ್ನೇ ಹಿಡಿದು ಹೋದರೆ ಅಮೆರಿಕ ವೀಸಾ ಕೊಡುವುದಿಲ್ಲ. ಎರಡೂ ದೇಶಗಳು ಅಂತರದೇಶೀಯ ದತ್ತಿನ 1993ರ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ಕಾರಾದ ದಾರಿಯಲ್ಲೇ ಬರಬೇಕು. ನಮ್ಮದೇ ರಕ್ತ, ಇದಕ್ಕೇಕೆ ಇಷ್ಟು ತಪಾಸಣೆ ಎಂದು ಅಜ್ಜ ರೇಗುವುದು ಸಹಜ. ಹುನಾನಿನ ಕಥೆ ಓದಿದ ಮೇಲೆ ನಾನು ಮಾತ್ರ ತಪಾಸಣೆಯ ಪರ.

ಮಗು ಹೊರದೇಶ ಸೇರಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೆಯ ವರ್ಷ ಆರು ತಿಂಗಳಿಗೊಂದು ವರದಿ ಕಾರಾಕ್ಕೆ ಬರಬೇಕು. ದೊಡ್ಡವರಾದ ಮೇಲೆ ಮಕ್ಕಳು ಮೂಲ ಹುಡುಕಿಕೊಡಿ ಎಂದು ಅರ್ಜಿ ಹಾಕಬಹುದು. ಒಪ್ಪಿಸಿ ಹೋದ ತಾಯಿ ಒಪ್ಪದಿದ್ದರೆ ಅವಳ ಹೆಸರು ತಿಳಿಸುವುದಿಲ್ಲ. ಅವಳ ಇಂದಿನ ಬದುಕನ್ನು ನೆನೆದರೆ ಆ ನಿಯಮ ಸರಿಯೇ. ಹೆಸರು ಬಿಟ್ಟು ಮಿಕ್ಕದ್ದು ಬೇಕಾದಷ್ಟಿರುತ್ತದೆ: ಮಗು ಸಿಕ್ಕ ಜಾಗ, ಪೊಲೀಸರ ದಾಖಲೆ, ಪತ್ರಿಕಾ ಪ್ರಕಟಣೆ, ಮೊದಲ ತಿಂಗಳ ಫೋಟೊ, ರಾತ್ರಿ ಪಾಳಿಯಲ್ಲಿ ಎತ್ತಿ ಆಡಿಸಿದ ಆಯಾಳ ಹೆಸರು. ಚೀನಾಕ್ಕೆ ಹೋದವರಲ್ಲಿ ಇದನ್ನು ಆಗಲೇ ಕೇಳಿ ತಂದವರು ಕೆಲವರು. ಉಳಿದವರಲ್ಲಿ ಬಹಳ ಮಂದಿ ಈಗ ದುಡ್ಡು ಕೊಟ್ಟು ಹುಡುಕಿಸುತ್ತಿದ್ದಾರೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಗುವನ್ನು ಕರೆದುಕೊಂಡು ದೆಹಲಿ ವಿಮಾನ ಹತ್ತುವವರು, ಕಾನೂನು ಕೊಡಬಹುದೆನ್ನುವ ಪ್ರತಿಯೊಂದು ಹಾಳೆಯ ನಕಲನ್ನೂ ಹೊರಡುವ ಮುನ್ನವೇ ಸಂಸ್ಥೆಯಿಂದ ಕೇಳಿ ಪಡೆಯುವುದು ಲೇಸು.